ಮೊಡವೆಗೆ ಆಡಿನ ಹಾಲು ಹಚ್ಚುವ ಮುಂಚೆ ನನ್ನ ಕಥೆ ಓದಿ

ಹೋದ ಭಾನುವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಈಗ ತಾನೇ ಪಿಯುಸಿ ಮುಗಿಸಿದ್ದಾಳೆ, ಕೆನ್ನೆ ತುಂಬ ಮೊಡವೆ. "ಅಕ್ಕಾ, ನೀನು ಹಚ್ಕೊಳ್ತಿದ್ಯಲ್ಲ ಆಡಿನ ಹಾಲಿನ ಸೋಪು, ಅದನ್ನ ಎಲ್ಲಿ ತರಿಸಿದ್ದೆ?" ಅಂತ ಕೇಳಿದಳು. ಎದೆ ಝಲ್ಲೆಂದಿತು. ನನಗೆ ಏನಾಯಿತು ಅಂತ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಯೇ ಇರಲಿಲ್ಲ. ಅವತ್ತು ಅವಳಿಗೆ ಎಲ್ಲ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಇನ್ನೂ ಎಷ್ಟು ಜನ ಹೀಗೆ ಕೇಳುತ್ತಿದ್ದಾರೋ ಗೊತ್ತಿಲ್ಲ.

ನನಗೆ ಮೊಡವೆ ಶುರುವಾಗಿದ್ದು ಕಾಲೇಜು ಮುಗಿದ ಮೇಲೆ. ಗದ್ದದ ಸುತ್ತ, ದವಡೆಯ ಅಂಚಿನಲ್ಲಿ, ಮುಟ್ಟಿದರೆ ನೋಯುವಂಥ ಗಟ್ಟಿ ಗುಳ್ಳೆಗಳು. ಒಮ್ಮೆ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಕೊಟ್ಟ ಜೆಲ್ ಹಚ್ಚಿದರೆ ಮುಖ ಒಣಗುತ್ತಿತ್ತು. ಎರಡೇ ವಾರಕ್ಕೆ ಬಿಟ್ಟುಬಿಟ್ಟೆ. ಆಮೇಲೆ ಎಲ್ಲರ ಹಾಗೆ ಫೋನಿನಲ್ಲಿ ವಿಡಿಯೋ ನೋಡುತ್ತಾ ಕೂತೆ. ಹಸುವಿನ ಹಾಲಿನಿಂದ ಮೊಡವೆ ಬರುತ್ತೆ, ಆಡಿನ ಹಾಲಿಗೆ ಬದಲಾಯಿಸಿ, ಮುಖಕ್ಕೂ ಅದನ್ನೇ ಹಚ್ಚಿ ಅಂತ ಒಂದಲ್ಲ, ಹತ್ತು ವಿಡಿಯೋ.

ನಂಬೋದಕ್ಕೆ ನನಗೆ ಕಾರಣವೂ ಇತ್ತು. ನಮ್ಮ ಊರು ಸಿರಾ ಕಡೆ. ದೊಡ್ಡಮ್ಮನ ಮನೆಯಲ್ಲಿ ಈಗಲೂ ಒಂಬತ್ತು ಆಡುಗಳಿವೆ. "ಆಡು ಮುಟ್ಟದ ಸೊಪ್ಪಿಲ್ಲ ಮಗಾ, ಅಷ್ಟು ಸೊಪ್ಪಿನ ಔಷಧಿ ಅದರ ಹಾಲಲ್ಲಿರುತ್ತೆ" ಅನ್ನುವುದು ದೊಡ್ಡಮ್ಮನ ಮಾತು. ಡೆಂಗಿ ಕಾಲ ಬಂತೆಂದರೆ ಪ್ಲೇಟ್‌ಲೆಟ್ ಏರುತ್ತೆ ಅಂತ ಜನ ಹುಡುಕಿಕೊಂಡು ಬಂದು ಕೇಳಿದ ಬೆಲೆ ಕೊಟ್ಟು ಒಯ್ಯುತ್ತಾರೆ. ಅದಕ್ಕೂ ಸರಿಯಾದ ಪುರಾವೆ ಇಲ್ಲ. ಆದರೆ ಚಿಕ್ಕಂದಿನಿಂದ ಕೇಳಿದ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿರುತ್ತೆ ಅಲ್ವಾ.

ಹೋದ ವರ್ಷ ಬೇಸಿಗೆ ರಜೆಗೆ ಊರಿಗೆ ಹೋದೆ. ಮೇ ಕೊನೆಗೆ ಅಣ್ಣನ ಮದುವೆ. ಅಷ್ಟರೊಳಗೆ ಮುಖ ತಿಳಿಯಾಗಬೇಕು ಅಂತ ಮೂರು ಕೆಲಸ ಒಟ್ಟಿಗೇ ಶುರು ಮಾಡಿದೆ. ಹಸುವಿನ ಹಾಲು ಬಿಟ್ಟು ದಿನಕ್ಕೆ ಎರಡು ಲೋಟ ಆಡಿನ ಹಾಲು ಕುಡಿದೆ. ಆನ್‌ಲೈನ್‌ನಲ್ಲಿ ತರಿಸಿದ ಆಡಿನ ಹಾಲಿನ ಸೋಪಿನಲ್ಲಿ ದಿನಕ್ಕೆ ಮೂರು ಸಲ ಮುಖ ತೊಳೆದೆ. ರಾತ್ರಿ ಹಸಿ ಹಾಲಿಗೆ ಅರಿಶಿನ, ಕಡಲೆಹಿಟ್ಟು ಕಲಸಿ ಮುಖಕ್ಕೆ ಹಚ್ಚಿಕೊಂಡು ಒಣಗುವ ತನಕ ಕೂರುತ್ತಿದ್ದೆ.

ಮೊದಲ ನಾಲ್ಕೈದು ದಿನ ಖುಷಿಯೋ ಖುಷಿ. ಸೋಪು ಹಾಕಿ ತೊಳೆದರೆ ಮುಖ ಬಿಗಿಯಾಗಿ, ಬೆರಳಿಟ್ಟರೆ ಕಿರ್ ಅನ್ನುವಷ್ಟು ಸ್ವಚ್ಛವಾಗುತ್ತಿತ್ತು. ಎಣ್ಣೆ ಹೋಯಿತು, ಇನ್ನು ಮೊಡವೆಯೂ ಹೋಗುತ್ತೆ ಅಂದುಕೊಂಡೆ. ಆ ಬಿಗಿತವೇ ಮೊದಲ ಎಚ್ಚರಿಕೆ ಅಂತ ನನಗೆ ತಿಳಿಯಲಿಲ್ಲ. ಎರಡನೇ ವಾರ ಮೂಗಿನ ಪಕ್ಕ ಸಿಪ್ಪೆ ಏಳತೊಡಗಿತು. ಬೆವರಿದರೆ ಸಾಕು, ಕೆನ್ನೆ ಉರಿ. ವಿಷ ಹೊರಗೆ ಬರುತ್ತಿದೆ, ತಡೆದುಕೋ ಅಂತ ವಿಡಿಯೋದ ಕೆಳಗೆ ಯಾರೋ ಬರೆದಿದ್ದರು. ತಡೆದುಕೊಂಡೆ.

ಮೂರನೇ ವಾರದಲ್ಲಿ ಒಂದು ದಿನ ಬೆಳಗ್ಗೆ ಎದ್ದಾಗ ದಿಂಬಿನ ಕವರ್ ಎಡಗೆನ್ನೆಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿಕೊಂಡೆ. ಕವರ್ ಮೇಲೆ ಹಳದಿ ಕಲೆ. ಅರಿಶಿನ ಅಂದುಕೊಂಡೆ, ಕೀವು. ಕನ್ನಡಿಯಲ್ಲಿ ನೋಡಿದರೆ ಕಿವಿಯ ಕೆಳಗಿನಿಂದ ಗದ್ದದ ತನಕ ಸಾಲಾಗಿ ಬಿಳಿ ತಲೆಯ ಗುಳ್ಳೆಗಳು, ಸುತ್ತ ಕೆಂಪು. ಬಾಯಿ ತೆರೆದರೆ ಕೆನ್ನೆ ಎಳೆಯುತ್ತಿತ್ತು. ಮದುವೆಗೆ ಆರು ದಿನ ಉಳಿದಿತ್ತು. ಅಮ್ಮ ನೋಡಿ ಏನೂ ಹೇಳದೆ ಅಣ್ಣನಿಗೆ ಬೈಕ್ ತೆಗೆಯೋಕೆ ಹೇಳಿದರು.

ತುಮಕೂರಿನಲ್ಲಿ ತೋರಿಸಿದ ಡಾಕ್ಟರು ವಯಸ್ಸಾದ ಹೆಂಗಸು. ಮುಖ ನೋಡಿ ಮೊದಲು ಕೇಳಿದ್ದು, "ಹಸಿ ಹಾಲು ಹಚ್ಚಿದ್ದೇನಮ್ಮಾ?" ಎರಡನೆಯದು, "ಹಸಿಯಾಗೇ ಕುಡಿದ್ಯಾ?" ಮೂರನೆಯದು, "ಜ್ವರ, ಕೀಲುನೋವು, ರಾತ್ರಿ ಬೆವರು, ಏನಾದ್ರೂ ಇದ್ಯಾ?" ಮುಖದ ಗುಳ್ಳೆಗೂ ಕೀಲುನೋವಿಗೂ ಏನು ಸಂಬಂಧ ಅಂತ ನನಗೆ ಹೊಳೆಯಲಿಲ್ಲ. ಕಾಯಿಸಿಯೇ ಕುಡಿದದ್ದು, ಎರಡು ಮೂರು ಸಲ ಮಾತ್ರ ನೊರೆಹಾಲು ಕುಡಿದೆ ಅಂದೆ. ಅವರು ಚೀಟಿಯ ಮೂಲೆಯಲ್ಲಿ ಅದನ್ನೂ ಬರೆದುಕೊಂಡರು.

ಅದಕ್ಕೆ ಕಾರಣ ಆಮೇಲೆ ತಿಳಿಯಿತು. ಆಡಿನ ಹಸಿ ಹಾಲಿನಿಂದ ಬ್ರೂಸೆಲ್ಲೋಸಿಸ್ ಅನ್ನುವ ಜ್ವರ ಬರಬಹುದು. ಇದರ ಹಳೆಯ ಹೆಸರು ಮಾಲ್ಟಾ ಜ್ವರ. ಮೆಡಿಟರೇನಿಯನ್ ಸಮುದ್ರದ ಆ ಪುಟ್ಟ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಈ ಜ್ವರಕ್ಕೆ ಸಿಕ್ಕಿ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯರು ರೋಗಾಣು ಪತ್ತೆ ಮಾಡಿದರು. ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಿದ್ದು 1905ರಲ್ಲಿ. ಥೆಮಿಸ್ಟೋಕ್ಲಿಸ್ ಜಮ್ಮಿಟ್ ಅನ್ನುವ ಅಲ್ಲಿನ ವೈದ್ಯರೇ ಆಡುಗಳಲ್ಲಿ ಅದನ್ನು ಕಂಡುಹಿಡಿದರು. ನೋಡೋಕೆ ಗಟ್ಟಿಮುಟ್ಟಾಗಿದ್ದ ಆಡುಗಳು ಅವು. ಸೈನಿಕರಿಗೆ ಆ ಹಾಲು ಕೊಡುವುದು ನಿಲ್ಲಿಸಿದ ಮೇಲೆ ಜ್ವರ ಇಳಿಯಿತು. ಈ ರೋಗಾಣು ಗಾಯವಾದ ಚರ್ಮದ ಮೂಲಕವೂ ಒಳಗೆ ಹೋಗಬಲ್ಲದು. ಒಡೆದ ಮೊಡವೆ ಅಂದರೆ ಗಾಯವೇ. ನನಗೆ ಆ ಜ್ವರ ಬರಲಿಲ್ಲ. ನಮ್ಮ ದೊಡ್ಡಮ್ಮನ ಆಡುಗಳಿಗೆ ರೋಗವಿತ್ತು ಅಂತಲೂ ನಾನು ಹೇಳುತ್ತಿಲ್ಲ. ಆದರೆ ಆಡನ್ನು ನೋಡಿ ಅದನ್ನು ತಿಳಿಯೋಕೆ ಆಗಲ್ಲ.

ನನ್ನ ಮುಖದಲ್ಲಿ ಆಗಿದ್ದು ಸಾಮಾನ್ಯ ಬ್ಯಾಕ್ಟೀರಿಯಾ ಸೋಂಕು. ಸೋಪಿನಿಂದ ಚರ್ಮದ ಮೇಲ್ಪದರ ಬಿರುಕು ಬಿಟ್ಟಿತ್ತು, ಅದರ ಮೇಲೆ ಹಸಿ ಹಾಲು ಮೆತ್ತಿದ್ದೆ. ದೊಡ್ಡಮ್ಮ ಹಾಲು ಕರೆಯುವುದನ್ನು ಈಗ ನೆನೆಸಿಕೊಂಡರೆ ಬೇರೆಯೇ ಕಾಣುತ್ತದೆ. ಕೊಟ್ಟಿಗೆಯ ನೆಲದ ತುಂಬ ಹಿಕ್ಕೆ. ಆಡು ಅದರ ಮೇಲೇ ಮಲಗಿ ಎದ್ದಿರುತ್ತೆ. ದೊಡ್ಡಮ್ಮ ಕೆಚ್ಚಲಿಗೆ ನೀರು ಎರಚಿ, ಕೈಯಲ್ಲಿ ಒರೆಸಿ ಚೊಂಬಿಗೆ ಕರೆಯುತ್ತಾರೆ. ನೊರೆಯ ಮೇಲೆ ಒಂದೆರಡು ಕೂದಲು ಇದ್ದೇ ಇರುತ್ತೆ. ಬಟ್ಟೆಯಲ್ಲಿ ಸೋಸಿ ಒಲೆಗೆ ಇಡುತ್ತಾರೆ. ಉಕ್ಕಿ ಬಂದ ಹಾಲನ್ನು ಕುಡಿದರೆ ಭಯವಿಲ್ಲ, ತಲೆಮಾರುಗಳಿಂದ ಹಾಗೇ ಕುಡಿದಿದ್ದೇವೆ. ಆ ಒಲೆಯ ಕೆಲಸವನ್ನೇ ನಾನು ಬಿಟ್ಟುಬಿಟ್ಟಿದ್ದೆ.

ಇನ್ನು ಸೋಪಿನ ವಿಷಯ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಆದ್ದರಿಂದ ಇದರ ಬಗ್ಗೆ ನನಗೆ ಜಾಸ್ತಿ ಬೇಜಾರು. ಆಡಿನ ಹಾಲಿನ ಪಿಎಚ್ ನಿಮ್ಮ ಚರ್ಮದ ಪಿಎಚ್‌ಗೆ ಸಮ ಅಂತ ಆ ಸೋಪಿನ ಡಬ್ಬಿಯ ಮೇಲೆ ಬರೆದಿತ್ತು. ಪಿಎಚ್ ಅಂದರೆ ಒಂದು ವಸ್ತು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಅಳತೆ; 7 ನಡು, ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಲ್ಯಾಬಿನಲ್ಲಿ ಪಿಎಚ್ ಪೇಪರ್ ತೆಗೆದುಕೊಂಡು ನೋಡಿದೆ. ಆಡಿನ ಹಾಲಿಗೆ ಅದ್ದಿದ ಪೇಪರ್ ಹಳದಿ ಹಸಿರಾಯಿತು, ಆರೂವರೆ ಹತ್ತಿರ. ಸೋಪಿನ ನೀರಿಗೆ ಅದ್ದಿದೆ. ಪೇಪರ್ ಕಡುನೀಲಿಗೆ ತಿರುಗಿತು. ಒಂಬತ್ತಕ್ಕಿಂತ ಮೇಲೆ.

ನಮ್ಮ ಚರ್ಮದ ಪಿಎಚ್ ಸುಮಾರು 5. ಅಂದರೆ ಹಾಲೂ ಚರ್ಮಕ್ಕೆ ಸಮ ಅಲ್ಲ, ಸೋಪಂತೂ ಬಲು ದೂರ. ಪಿಎಚ್‌ನಲ್ಲಿ ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. ನಾಲ್ಕು ಅಂಕಿ ಏರಿದರೆ ಹತ್ತು ಸಾವಿರ ಪಟ್ಟು. ಇದನ್ನು ಮಕ್ಕಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸದೆ ಸೋಪಿನ ಬಿಲ್ಲೆ ಆಗುವುದಿಲ್ಲ. ಹಾಲು ಹಸುವಿನದಾಗಲಿ, ಆಡಿನದಾಗಲಿ, ಕತ್ತೆಯದಾಗಲಿ, ಆ ಸೋಡಾಕ್ಕೆ ಬಿದ್ದ ಮೇಲೆ ಅದರ ಕೊಬ್ಬೂ ಸೋಪೇ ಆಗುತ್ತದೆ. ಹಾಲಿನ ಲ್ಯಾಕ್ಟಿಕ್ ಆಮ್ಲ ಸತ್ತ ಚರ್ಮ ತೆಗೆಯುತ್ತೆ ಅನ್ನುವುದೂ ಹಾಗೇ. ಕರೆದ ಹಾಲಿನಲ್ಲಿ ಇರುವುದು ಲ್ಯಾಕ್ಟೋಸ್ ಸಕ್ಕರೆ. ಹುಳಿಯಾದ ಮೇಲೆ ತಾನೇ ಆಮ್ಲ ಬರುವುದು? ಸೋಡಾದಲ್ಲಿ ಆ ಆಮ್ಲವೂ ಉಳಿಯಲ್ಲ.

ಕುಡಿಯುವ ಮಾತಿಗೆ ಬಂದರೆ, ಇಲ್ಲಿ ಒಂದು ಎಳೆ ನಿಜ ಇದೆ. ಹಾಲು ಜಾಸ್ತಿ ಕುಡಿಯುವವರಲ್ಲಿ, ಅದರಲ್ಲೂ ಕೆನೆ ತೆಗೆದ ಹಾಲು ಕುಡಿಯುವವರಲ್ಲಿ, ಮೊಡವೆ ಸ್ವಲ್ಪ ಜಾಸ್ತಿ ಅಂತ ಹಲವು ಸಮೀಕ್ಷೆಗಳು ಹೇಳುತ್ತವೆ. ಹಾಲಿನಿಂದಲೇ ಮೊಡವೆ ಬರುತ್ತೆ ಅಂತ ಸಾಬೀತಾಗಿಲ್ಲ. ಹಾಲಿನ ಪ್ರೋಟೀನ್, ಮುಖ್ಯವಾಗಿ ವೇ ಪ್ರೋಟೀನ್ (ಹಾಲು ಒಡೆದಾಗ ಉಳಿಯುವ ತಿಳಿನೀರಿನಲ್ಲಿ ಇರುವಂಥದ್ದು), ದೇಹದಲ್ಲಿ ಇನ್ಸುಲಿನ್ ಏರಿಸುತ್ತೆ, ಅದರಿಂದ ಚರ್ಮದ ಎಣ್ಣೆ ಜಾಸ್ತಿಯಾಗಬಹುದು ಅನ್ನುವುದು ಒಂದು ವಿವರಣೆ. ಜಿಮ್‌ಗೆ ಹೋಗಿ ವೇ ಪೌಡರ್ ಕುಡಿಯುವ ಹುಡುಗರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಮೊಡವೆ ಏಳುವುದನ್ನು ಚರ್ಮದ ಡಾಕ್ಟರುಗಳು ನೋಡಿದ್ದಾರೆ. ಹಾಗಿದ್ದರೆ ಆಡಿನ ಹಾಲು ಹೇಗೆ ಬದಲಿಯಾಗುತ್ತೆ? ಅದರಲ್ಲೂ ವೇ ಇದೆ, ಲ್ಯಾಕ್ಟೋಸ್ ಹೆಚ್ಚುಕಡಿಮೆ ಹಸುವಿನ ಹಾಲಿನಷ್ಟೇ ಇದೆ. ಅದರ ಕೊಬ್ಬಿನ ಕಣಗಳು ಸಣ್ಣವು, ಕೆಲವರ ಹೊಟ್ಟೆಗೆ ಹಗುರ ಅನ್ನಿಸುತ್ತೆ. ಅದು ಹೊಟ್ಟೆಯ ಮಾತು, ಮೊಡವೆಯದಲ್ಲ. ಹಸುವಿನ ಹಾಲು ಅಲರ್ಜಿ ಇರುವವರಂತೂ ದಯವಿಟ್ಟು ಇದನ್ನು ಮುಟ್ಟಬೇಡಿ. ಅವರಲ್ಲಿ ಹೆಚ್ಚಿನವರಿಗೆ ಆಡಿನ ಹಾಲೂ ಆಗುವುದಿಲ್ಲ.

ಡಾಕ್ಟರು ಕೊಟ್ಟಿದ್ದು ತುಂಬ ಸಾದಾ ಔಷಧಿ. ಸೋಂಕಿಗೆ ಒಂದು ವಾರ ಮಾತ್ರೆ. ನೊರೆ ಕಡಿಮೆ ಬರುವ ಮೆದು ಫೇಸ್‌ವಾಶ್, ದಿನಕ್ಕೆ ಎರಡೇ ಸಲ. ಉರಿ ಪೂರ್ತಿ ಇಳಿದ ಮೇಲೆ ರಾತ್ರಿ ಅಡಾಪಲೀನ್ 0.1% ಜೆಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಮೊದಲು ಒಂದು ದಿನ ಬಿಟ್ಟು ಒಂದು ದಿನ, ಮೇಲೆ ಮಾಯಿಶ್ಚರೈಸರ್. ಬೆಳಗ್ಗೆ ಸನ್‌ಸ್ಕ್ರೀನ್. ಚೀಟಿ ನೋಡಿ ನನಗೆ ಅಳು ಬಂತು. ಎರಡು ವರ್ಷದ ಹಿಂದೆ ನಾನು ಅರ್ಧಕ್ಕೆ ಬಿಟ್ಟ ಜೆಲ್ ಅದೇ. "ಇದು ಒಣಗಿಸುತ್ತೆ, ನಿಜ. ಕೆಲಸ ಕಾಣೋಕೆ ಎಂಟರಿಂದ ಹನ್ನೆರಡು ವಾರ ಬೇಕು. ನೀನು ಎರಡು ವಾರಕ್ಕೆ ಬಿಟ್ಟೆ" ಅಂದರು. ಹೊಟ್ಟೆಯಲ್ಲಿ ಮಗು ಇದ್ದರೆ ಅಥವಾ ಆಗುವ ಯೋಚನೆ ಇದ್ದರೆ ಇದನ್ನು ಹಚ್ಚಬಾರದು ಅಂತಲೂ ಹೇಳಿದರು. ಮುಟ್ಟು ಏರುಪೇರಾಗುತ್ತಿತ್ತು ಅಂದಾಗ ಸ್ಕ್ಯಾನಿಂಗ್ ಬರೆದರು, ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ಮೊಡವೆ ಏಳುವ ತೊಂದರೆ ಇರುವುದು ಗೊತ್ತಾಯಿತು. ದವಡೆಯ ಗುಳ್ಳೆಗಳಿಗೆ ಮೂಲ ಅಲ್ಲಿತ್ತು. ಹಸುವಿನ ಹಾಲನ್ನು ದೂರುತ್ತಾ ನಾನು ಎರಡು ವರ್ಷ ಕಳೆದಿದ್ದೆ.

ಅಣ್ಣನ ಮದುವೆಯ ಒಂದೇ ಒಂದು ಫೋಟೋದಲ್ಲಿ ನಾನಿದ್ದೇನೆ. ಸೆರಗು ಎಡಗೆನ್ನೆಗೆ ಎಳೆದುಕೊಂಡಿದ್ದೇನೆ. ಸೆಪ್ಟೆಂಬರ್ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತಿತು. ಕಪ್ಪು ಕಲೆಗಳು ಮಾತ್ರ ಬೇಗ ಹೋಗಲ್ಲ, ನಮ್ಮಂಥ ಮೈಬಣ್ಣದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಒಂದು ವರ್ಷವಾದರೂ ಕಿವಿಯ ಕೆಳಗೆ ಎರಡು ಇನ್ನೂ ಇವೆ.

ನೀವು ಈಗಾಗಲೇ ಆ ಸೋಪು ತರಿಸಿದ್ದರೆ ಕೈಕಾಲಿಗೆ ಬಳಸಿ, ಮುಖಕ್ಕೆ ಬೇಡ. ಹಸಿ ಹಾಲು ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ. ಮುಖದಲ್ಲಿ ಕೀವು ಕಂಡರೆ, ಕೆಂಪು ಹರಡುತ್ತಿದ್ದರೆ, ಇಲ್ಲವೇ ಹಸಿ ಹಾಲು ಕುಡಿದ ಮೇಲೆ ಬಿಟ್ಟು ಬಿಟ್ಟು ಜ್ವರ, ಬೆವರು, ಸೊಂಟನೋವು ಬಂದರೆ ಡಾಕ್ಟರಿಗೆ ಹಾಲಿನ ವಿಷಯ ಮುಚ್ಚಿಡದೆ ಹೇಳಿ. ಅದು ಗೊತ್ತಿಲ್ಲದಿದ್ದರೆ ಅವರು ಬೇರೆ ಯಾವುದೋ ಜ್ವರಕ್ಕೆ ಔಷಧಿ ಕೊಡುತ್ತಾ ಇರುತ್ತಾರೆ.

ಚಿಕ್ಕಮ್ಮನ ಮಗಳು ನಿನ್ನೆ ಮೆಸೇಜ್ ಮಾಡಿದ್ದಳು. ಸೋಪಿನ ಆರ್ಡರ್ ಕ್ಯಾನ್ಸಲ್ ಮಾಡಿದ್ದಾಳಂತೆ. ಬುಧವಾರ ಅದೇ ಡಾಕ್ಟರ ಹತ್ತಿರ ಅವಳನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.