ಯುರೋಸ್ಟಾಟ್‌ನ ನಟ್ಸ್ ಕೋಡ್‌ಗಳು: ಕಲಬುರಗಿಯಲ್ಲಿ ಕೂತು ಬಳಸಿ ನೋಡಿದೆ

ಜಿಲ್ಲಾವಾರು ಅಂಕಿಅಂಶ ಹಿಡಿದು ಕೆಲಸ ಮಾಡುವವರು ಇದನ್ನು ಒಮ್ಮೆ ನೋಡಲೇಬೇಕು. ನಟ್ಸ್ ಅಂದರೆ ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟಾಟ್ ಮಾಡಿಟ್ಟಿರುವ ಪ್ರದೇಶಗಳ ಪಟ್ಟಿ. ನಕ್ಷೆ, ಕೋಡ್, ಹಳೆಯದನ್ನು ಹೊಸದಕ್ಕೆ ಜೋಡಿಸುವ ಟೇಬಲ್, ಎಲ್ಲ ಫ್ರೀ.

ಇದರ ಬೆಲೆ ನನಗೆ ಗೊತ್ತಾಗಿದ್ದು ನಮ್ಮ ಜಿಲ್ಲೆಯ ಲೆಕ್ಕ ಹಾಕುವಾಗ. 2001ರ ಜನಗಣತಿಯಲ್ಲಿ ಗುಲ್ಬರ್ಗ ಜಿಲ್ಲೆಯ ಜನ 31.3 ಲಕ್ಷ, 2011ರಲ್ಲಿ 25.7 ಲಕ್ಷ. ಜನ ಎಲ್ಲಿಗೂ ಹೋಗಿಲ್ಲ. ನಡುವೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಶಹಾಪುರ, ಸುರಪುರ ಅದರ ಜೊತೆ ಹೋದವು, ಅಲ್ಲಿನ 11.7 ಲಕ್ಷ ಸೇರಿಸಿದರೆ 37.4 ಲಕ್ಷ ಆಗುತ್ತದೆ. ಜನಗಣತಿಯವರು 2001ರ ಒಟ್ಟು ಜನಸಂಖ್ಯೆಯನ್ನು ಹೊಸ ಗಡಿಗೆ ಹೊಂದಿಸಿ ಕೊಟ್ಟಿದ್ದಾರೆ, ನಿಜ. ಆದರೆ ಆಗ ಅಚ್ಚಾದ ಪುಸ್ತಕ ತೆರೆದರೆ ಹಳೆ ಗಡಿಯೇ ಇರುತ್ತದೆ, ಹೆಸರು ಮಾತ್ರ ಎರಡೂ ಕಡೆ ಗುಲ್ಬರ್ಗ. ಮುಂದೆ 2014ರಲ್ಲಿ ಹೆಸರು ಕಲಬುರಗಿ ಆಯಿತು, ಗಡಿ ಹಾಗೇ ಉಳಿಯಿತು. ಹೆಸರು ನೋಡಿ ಎಕ್ಸೆಲ್‌ನಲ್ಲಿ ಜೋಡಿಸಿದರೆ ಎರಡು ಸಲವೂ ತಪ್ಪಾಗುತ್ತದೆ ಅಲ್ವಾ?

ನಟ್ಸ್‌ನಲ್ಲಿ ಈ ತೊಂದರೆ ತುಂಬಾ ಕಡಿಮೆ. ಕೋಡ್ ಓದಿದರೇ ಯಾವುದು ಯಾವುದರೊಳಗೆ ಅಂತ ತಿಳಿಯುತ್ತದೆ: ಡಿಇ ಜರ್ಮನಿ, ಡಿಇ2 ಬವೇರಿಯಾ (ಮೊದಲ ಹಂತ), ಡಿಇ21 ಅದರೊಳಗಿನ ಅಪ್ಪರ್ ಬವೇರಿಯಾ (ಎರಡನೇ ಹಂತ), ಡಿಇ212 ಮ್ಯೂನಿಕ್ ನಗರ (ಮೂರನೇ ಹಂತ). ಪ್ರದೇಶ ಒಡೆದರೆ ಹಳೆ ಕೋಡ್ ನಿವೃತ್ತಿ. 2024ರ ಆವೃತ್ತಿಯಲ್ಲಿ ಪೋರ್ಚುಗಲ್‌ನ ಲಿಸ್ಬನ್ ಸುತ್ತಲಿನ ಪಿಟಿ17 ಹೀಗೆ ಹೋಗಿ ಪಿಟಿ1ಎ, ಪಿಟಿ1ಬಿ ಬಂದವು. ಅಷ್ಟೇ ಅಲ್ಲ, ಗಡಿ ಬದಲಿಸಿದ ದೇಶವೇ ಹಿಂದಿನ ವರ್ಷಗಳ ಅಂಕಿಗಳನ್ನೂ ಹೊಸ ಗಡಿಗೆ ಹೊಂದಿಸಿ ಕಳಿಸಬೇಕು. 2003ರ ಕಾನೂನೇ ಹಾಗಿದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ.

ಪಿಟಿ1ಬಿ ಅಂದರೆ ಸೆಟೂಬಲ್. ಶ್ರೀಮಂತ ಲಿಸ್ಬನ್ ಜೊತೆ ಲೆಕ್ಕಕ್ಕೆ ಬರುತ್ತಿದ್ದರಿಂದ ಅದರ ಬಡತನ ಸರಾಸರಿಯಲ್ಲಿ ಮುಚ್ಚಿಹೋಗುತ್ತಿತ್ತು. ತಲಾ ಜಿಡಿಪಿ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆ ಇರುವ ಎರಡನೇ ಹಂತದ ಪ್ರದೇಶಕ್ಕೆ ಅಲ್ಲಿ ಜಾಸ್ತಿ ಅನುದಾನ ಸಿಗುವುದರಿಂದ ಇದು ದೊಡ್ಡ ವಿಷಯ. ಇದನ್ನು ಓದುವಾಗ ನನಗೆ ಯಾದಗಿರಿಯೇ ಕಣ್ಣಮುಂದೆ ಬಂತು. 2011ರಲ್ಲಿ ಅಲ್ಲಿನ ಸಾಕ್ಷರತೆ ಸುಮಾರು ಶೇ. 52, ಇಲ್ಲಿ ಶೇ. 65. ಒಂದೇ ಜಿಲ್ಲೆಯಾಗಿ ಉಳಿದಿದ್ದರೆ ಆ 52 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕೊರತೆಯೂ ಇದೆ. ಎರಡನೇ ಹಂತಕ್ಕೆ ಜನಸಂಖ್ಯೆ 8 ಲಕ್ಷದಿಂದ 30 ಲಕ್ಷ ಅಂತ ನಿಯಮ. ಆದರೆ ಅದು ದೇಶದ ಸರಾಸರಿಗೆ, ಒಂದೊಂದು ಪ್ರದೇಶಕ್ಕಲ್ಲ. ಹಾಗಾಗಿ ಗಾತ್ರದಲ್ಲಿ ತುಂಬಾ ವ್ಯತ್ಯಾಸ ಕಾಣುತ್ತದೆ. ಲಕ್ಸೆಂಬರ್ಗ್ ಅಂತೂ ಮೂರೂ ಹಂತಕ್ಕೆ ಒಂದೇ ಪ್ರದೇಶ. ಅಂದ ಹಾಗೆ ಬೀದರ್, ಕಲಬುರಗಿ, ಯಾದಗಿರಿ ಮೂರೂ ಆ ಅಳತೆಯೊಳಗೆ ಬರುತ್ತವೆ, ಹೋಲಿಕೆ ಮಾಡುವವರಿಗೆ ಅನುಕೂಲ.

ಇಳಿಸಿಕೊಳ್ಳುವಾಗ ಆವೃತ್ತಿಯ ವರ್ಷ ನೋಡಿ. ನಾನು 2021ರ ನಕ್ಷೆಗೆ 2024ರ ಅಂಕಿ ಹಾಕಿ, ಲಿಸ್ಬನ್ ಯಾಕೆ ಖಾಲಿ ಅಂತ ಅರ್ಧ ದಿನ ಹುಡುಕಿದೆ.

5ಕ್ಕೆ 4 ಕೊಡುತ್ತೇನೆ. ಇದೇ ಮಾದರಿಯಲ್ಲಿ ನಮ್ಮ ತಾಲ್ಲೂಕುಗಳ ಹಳೆ-ಹೊಸ ಟೇಬಲ್ ಮಾಡುತ್ತಿದ್ದೇನೆ. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಬಾಕಿ ಇವೆ. ಇವುಗಳ ಹಳ್ಳಿವಾರು ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕೊಡಿ.