ನಮ್ಮನೆ ಗೋಬರ್ ಗ್ಯಾಸ್: ಒಲೆಗಿಂತ ತೋಟಕ್ಕೇ ಜಾಸ್ತಿ ಲಾಭ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ಮನೆ. ಹಿತ್ತಲಲ್ಲಿ 2 ಘನ ಮೀಟರಿನ, ದೀನಬಂಧು ಅನ್ನೋ ಮಾದರಿಯ ಗೋಬರ್ ಗ್ಯಾಸ್ ಹಾಕಿಸಿ ನಾಲ್ಕು ವರ್ಷ ಆಯಿತು. ಮನೆಗೆ ಬಂದ ನೆಂಟರೆಲ್ಲ ಕೈ ತೊಳೆಯೋಕೆ ಹಿತ್ತಲಿಗೆ ಹೋದವರು "ಇದರಲ್ಲಿ ಗ್ಯಾಸ್ ಸಾಕಾಗತ್ತಾ?" ಅಂತ ಕೇಳದೇ ವಾಪಸ್ ಬರುವುದಿಲ್ಲ. ಅದಕ್ಕೇ ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು.

ಮೊದಲು ಸಗಣಿ ಲೆಕ್ಕ. ಈ ಅಳತೆಯ ಪ್ಲಾಂಟಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು, ಅಷ್ಟೇ ನೀರು. ನಾಲ್ಕೈದು ದನ ಇದ್ದರೆ ಆಯ್ತು ಅನ್ನುತ್ತಾರೆ. ಅದು ದೊಡ್ಡ ದನದ ಲೆಕ್ಕ. ನಮ್ಮ ಕೊಟ್ಟಿಗೆಯಲ್ಲಿರುವುದು ಎರಡು ಜರ್ಸಿ ಮಿಶ್ರತಳಿ, ನಾಲ್ಕು ಮಲೆನಾಡು ಗಿಡ್ಡ. ಗಿಡ್ಡಗಳು ಬೆಳಿಗ್ಗೆ ಬೆಟ್ಟಕ್ಕೆ ಹೋದರೆ ಬರುವುದು ಸಂಜೆಗೇ, ಹಗಲಿನ ಸಗಣಿಯೆಲ್ಲ ಬೆಟ್ಟಕ್ಕೇ ದಾನ. ಎಲ್ಲ ಸೇರಿ 35 ಕೆಜಿ ಸಿಕ್ಕರೆ ದೊಡ್ಡದು. ಅಷ್ಟರಲ್ಲಿ ಒಂದು ಬರ್ನರ್ ಸುಮಾರು ಮೂರು ಗಂಟೆ ಉರಿಯುತ್ತದೆ. ಐದು ಜನರ ಅನ್ನ, ಸಾರು, ಬೆಳಗಿನ ದೋಸೆ, ಎರಡು ಸಲ ಚಹಾ ಆಗುತ್ತದೆ. ಸಿಲಿಂಡರನ್ನು ಪೂರ್ತಿ ಬಿಟ್ಟಿಲ್ಲ, ಆದರೆ ತಿಂಗಳಿಗೊಂದು ಬೇಕಿದ್ದದ್ದು ಈಗ ನಾಲ್ಕು ತಿಂಗಳು ಬರುತ್ತದೆ. ಡಿಸೆಂಬರ್ ಚಳಿಗೆ ಗ್ಯಾಸ್ ಇಳಿಯುತ್ತದೆ. ಆಗ ಹಂಡೆಯ ಬಿಸಿನೀರು ಒಂದೆರಡು ಕೊಡ ಬೆರೆಸಿ ಸಗಣಿ ಕಲಸುತ್ತೇನೆ, ಸ್ವಲ್ಪ ಪರವಾಗಿಲ್ಲ. ಸ್ನಾನದ ಹಂಡೆಗೆ ಮಾತ್ರ ಈಗಲೂ ಅಡಿಕೆ ಸಿಪ್ಪೆಯೇ.

ನಮ್ಮ ಕಡೆಯವರಿಗೆ ಯಾರೂ ಹೇಳದ ವಿಷಯ ಒಂದಿದೆ. ನಾವು ಕೊಟ್ಟಿಗೆಗೆ ಸೊಪ್ಪು, ದರಕು (ಒಣ ಎಲೆ) ಹಾಸುತ್ತೇವೆ ಅಲ್ವಾ? ಅದು ಸಗಣಿ ಜೊತೆ ಒಳಗೆ ಹೋದರೆ ಬೇಗ ಕೊಳೆಯುವುದಿಲ್ಲ, ಮೇಲೆ ತೇಲಿ ಚಾಪೆಯ ಹಾಗೆ ಕೆನೆ ಕಟ್ಟುತ್ತದೆ, ಗ್ಯಾಸ್ ಕೆಳಗೇ ಸಿಕ್ಕಿಕೊಳ್ಳುತ್ತದೆ. ಮೊದಲ ವರ್ಷ ನಾನೂ ಹಾಗೇ ಸುರಿದೆ. ಈಗ ಬೆಳಿಗ್ಗೆ ದನ ತುಳಿಯುವ ಮೊದಲೇ ಸಗಣಿ ಮುದ್ದೆಯನ್ನು ಕೈಯಲ್ಲಿ ಎತ್ತಿ ಬುಟ್ಟಿಗೆ ಹಾಕಿಕೊಳ್ಳುತ್ತೇನೆ, ಸೊಪ್ಪೆಲ್ಲ ಗೊಬ್ಬರ ಗುಂಡಿಗೆ. ಇನ್ನೊಂದು ಪೆದ್ದು ಕೆಲಸವೂ ನನ್ನದೇ. ಹಬ್ಬದ ಹಿಂದಿನ ದಿನ ಕೊಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದು ಆ ನೀರನ್ನೇ ಕಲಸುವ ತೊಟ್ಟಿಗೆ ಬಿಟ್ಟೆ. ಒಳಗಿನ ಸೂಕ್ಷ್ಮಜೀವಿಗಳು ಸತ್ತವೋ ಏನೋ, ಹತ್ತು ದಿನ ಒಲೆ ಉಸಿರೇ ಬಿಡಲಿಲ್ಲ. ಹಬ್ಬದ ಹೋಳಿಗೆ ಸೌದೆ ಒಲೆಯಲ್ಲಿ ಆಯಿತು.

ಕಟ್ಟಿಸುವಾಗ ಮೇಸ್ತ್ರಿ ನೋಡಿ ಹಿಡಿಯಿರಿ. ದೀನಬಂಧುವಿನಲ್ಲಿ ಕಬ್ಬಿಣದ ಡ್ರಮ್ ಇಲ್ಲ, ತುಕ್ಕು, ಬಣ್ಣ ಅನ್ನೋ ತಾಪತ್ರಯ ಇಲ್ಲ, ಎಲ್ಲ ನೆಲದೊಳಗಿನ ಇಟ್ಟಿಗೆ ಗುಮ್ಮಟ. ಆದರೆ ಒಳಗಿನ ಗಾರೆ ಚೂರು ಬಿಟ್ಟರೂ ಗ್ಯಾಸ್ ನಿಲ್ಲುವುದಿಲ್ಲ. ನಮಗೆ ಮೊದಲು ಕಟ್ಟಿದವರು ಮನೆ ಕಟ್ಟುವುದರಲ್ಲಿ ಗಟ್ಟಿ, ಇದು ಅವರಿಗೆ ಹೊಸದು. ರಾತ್ರಿ ವಾಲ್ವ್ ಮುಚ್ಚಿ ಮಲಗಿದರೆ ಬೆಳಿಗ್ಗೆ ಗ್ಯಾಸೇ ಇಲ್ಲ. ಪೈಪಿನ ಜಾಯಿಂಟಿಗೆಲ್ಲ ಸೋಪು ನೀರು ಹಚ್ಚಿ ನೋಡಿದೆವು, ಏನೂ ಇಲ್ಲ. ಕೊನೆಗೆ ಗುಮ್ಮಟದ ಮೇಲಿನ ಮಣ್ಣಿಗೆ ನೀರು ಸುರಿದಾಗ ಒಂದು ಮೂಲೆಯಲ್ಲಿ ಗುಳುಗುಳು ಅಂತ ಗುಳ್ಳೆ. ತುಂಬಿಸಿದ್ದ ಸಗಣಿಯನ್ನೆಲ್ಲ ಬಕೆಟಿನಲ್ಲಿ ಎತ್ತಿ ಹೊರಗೆ ಹಾಕಿ, ಬೇರೆಯವರನ್ನು ಕರೆಸಿ ಮತ್ತೆ ಗಾರೆ ಮಾಡಿಸಿದೆವು. ಆ ವಾರ ಮನೆಯವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸಬ್ಸಿಡಿ ಬಂತು, ಮಳೆಗಾಲ ಒಂದು ಕಳೆದ ಮೇಲೆ.

ಒಲೆ ಬೇರೆಯೇ ತಗೊಳ್ಳಬೇಕು. ಸಿಲಿಂಡರ್ ಒಲೆಯ ಜೆಟ್ ತೂತು ಇದಕ್ಕೆ ಸಣ್ಣದು. ಪೈಪಿನಲ್ಲಿ ನೀರು ನಿಂತರೆ ಉರಿ ಕುಣಿಯುತ್ತದೆ, ವಾರಕ್ಕೊಮ್ಮೆ ಆ ನೀರನ್ನು ಹೊರಗೆ ಬಿಟ್ಟರೆ ಸರಿ. ವಾಸನೆ? ಉರಿಯುವಾಗ ಏನೂ ಇಲ್ಲ. ಪಕ್ಕದ ಮನೆಯವರು "ಸಗಣಿ ಗ್ಯಾಸಲ್ಲಿ ನೈವೇದ್ಯ ಮಾಡ್ತೀರಾ?" ಅಂತ ಕೇಳಿದ್ದಕ್ಕೆ ನಮ್ಮ ಅತ್ತೆ, "ದೇವರ ಮುಂದೆ ಸಾರಿಸೋದು ಯಾತರಲ್ಲಿ ಮತ್ತೆ?" ಅಂದುಬಿಟ್ಟರು. ಹೊಗೆ ಇಲ್ಲದೆ ಅವರ ಕಣ್ಣೀರು ನಿಂತಿದೆ. ಅದಕ್ಕೇ ಅವರು ಗೋಬರ್ ಗ್ಯಾಸ್ ಪಾರ್ಟಿ.

ನಾನು ಮಾತ್ರ ಬಗ್ಗಡದ ಪಾರ್ಟಿ. ಬಗ್ಗಡ ಅಂದರೆ ಗ್ಯಾಸ್ ಬಿಟ್ಟ ಮೇಲೆ ಹೊರಗುಂಡಿಗೆ ಬರುವ ತೆಳು ಸಗಣಿ. ಗ್ಯಾಸಿಗೆ ಅಂತ ಹಾಕಿಸಿದ್ದು ನಿಜ, ಆದರೆ ಅಸಲು ಲಾಭ ಇರುವುದು ಹೊರಗುಂಡಿಯಲ್ಲಿ. ಗ್ಯಾಸಾಗಿ ಹೋಗುವುದು ಇಂಗಾಲ, ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ಹಸಿ ಸಗಣಿಯ ನಾತ ಇಲ್ಲ, ನೊಣ ಕೂರುವುದಿಲ್ಲ. ನಮ್ಮ ತೋಟ ಮನೆಯಿಂದ ಕೆಳಗೆ ಕಣಿವೆಯಲ್ಲಿದೆ. ಹಾಗಾಗಿ ಪಂಪ್ ಬೇಡ, ಹೊರೋದು ಬೇಡ. ಒಂದು ಪೈಪು ಎಳೆದು ಬಿಟ್ಟರೆ ಬಗ್ಗಡ ತಾನಾಗೇ ಇಳಿದು ಅಡಿಕೆ ಬುಡ ಸೇರುತ್ತದೆ. ಬಾಳೆ ಎಲೆಯ ಬಣ್ಣ ಎರಡೇ ತಿಂಗಳಿಗೆ ಬೇರೆ ಆಯಿತು, ಅದನ್ನು ನೋಡೋಕೇ ದಿನಾ ಸಂಜೆ ತೋಟಕ್ಕೆ ಇಳಿಯುತ್ತೇನೆ. ಯೂರಿಯಾ ಚೀಲ ತಂದು ಎರಡು ವರ್ಷ ಆಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಎರಡೇ ದನ ಇದ್ದರೆ 1 ಘನ ಮೀಟರಿನದೇ ಕಟ್ಟಿಸಿ, ದೊಡ್ಡದು ಕಟ್ಟಿಸಿ ಅದನ್ನು ಉಪವಾಸ ಕೂರಿಸಬೇಡಿ. ಇದೂ ಕೊಟ್ಟಿಗೆಯ ಇನ್ನೊಂದು ದನವೇ, ದಿನಾ ಹೊಟ್ಟೆಗೆ ಹಾಕಬೇಕು. ನಾಲ್ಕು ದಿನ ಮದುವೆಗೆ ಹೋಗುವುದಾದರೆ ಹಾಲು ಕರೆಯುವವರಿಗೇ ಇದನ್ನೂ ಹೇಳಿ ಹೋಗುತ್ತೇವೆ. ಕಡಿಮೆ ಮಾಡಿದ ಒಂದು ಅಂಕ ಜುಲೈ ತಿಂಗಳಿಗೆ. ನಮ್ಮ ಮಳೆಗೆ ಹೊರಗುಂಡಿ ತುಂಬಿ ಬಗ್ಗಡ ಬರೀ ನೀರಾಗುತ್ತದೆ. ಈ ಸಲ ಮಳೆ ಹಿಡಿಯುವ ಮೊದಲು ಅದಕ್ಕೊಂದು ತಗಡಿನ ಮಾಡು ಹಾಕಿಸಬೇಕು.