ದೇವಿಮನೆ ಘಟ್ಟ, ಎರಡು ಕಾರು: ಸೆಖೆಗೆ ಸೋಲುವುದು ಟರ್ಬೊವಾ, ಸಾದಾ ಎಂಜಿನ್ನಾ?

ಅಕ್ಕನನ್ನು ಶಿರಸಿಗೆ ಕೊಟ್ಟಿದ್ದೇವೆ, ನಾನಿರುವುದು ಕುಮಟಾದಲ್ಲಿ. ಹಾಗಾಗಿ ತಿಂಗಳಿಗೆ ಒಂದೆರಡು ಸಲವಾದರೂ ದೇವಿಮನೆ ಘಟ್ಟ ಹತ್ತಲೇಬೇಕು. ನನ್ನದು 1.2 ಲೀಟರ್‌ನ ನಾಲ್ಕು ಸಿಲಿಂಡರ್ ಸಾದಾ ಪೆಟ್ರೋಲ್ ಕಾರು. ಭಾವನದು ಮೂರು ಸಿಲಿಂಡರ್‌ನ ಒಂದು ಲೀಟರ್ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು ಇರುವಂಥದ್ದು. ಬೇಸಿಗೆಯಲ್ಲಿ ಟರ್ಬೊ ಸುಸ್ತಾಗುತ್ತದೆ ಎಂದು ನಾನು, ನಿನ್ನದು ಹನ್ನೆರಡು ತಿಂಗಳೂ ಸುಸ್ತೇ ಎಂದು ಅವನು. ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ.

ಕೊನೆಗೆ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಎರಡು ತರಿಸಿದೆ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಎಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಅಂತ ಫೋನಿನಲ್ಲಿ ಕಾಣುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ಎರಡೂ ಕಾರು ಹಿಂದೆ ಮುಂದೆ ಹೊರಟವು. ಎರಡರಲ್ಲೂ ಇಬ್ಬಿಬ್ಬರು, ಡಿಕ್ಕಿಯಲ್ಲಿ ತೆಂಗಿನಕಾಯಿ ಮತ್ತು ಕುಮಟಾ ಸಿಹಿ ಈರುಳ್ಳಿಯ ಗೊಂಚಲು. (ಎ.ಸಿ. ಹಾಕಿದ ಮೇಲೆ ಆ ಈರುಳ್ಳಿ ವಾಸನೆ ಹೋಗಲು ಒಂದು ವಾರ ಬೇಕಾಯಿತು, ಅದು ಬೇರೆ ಮಾತು.) ಕತಗಾಲದಲ್ಲಿ ಕಾರು ಅದಲು ಬದಲು ಮಾಡಿಕೊಂಡೆವು. ನನ್ನದರ ಗುಣ ನನಗೆ ಗೊತ್ತೇ ಇದೆ, ನೋಡಬೇಕಾಗಿದ್ದು ಅವನದನ್ನು.

ಹೊರಗೆ 34 ಡಿಗ್ರಿ. ಓಡುತ್ತಿರುವಾಗ ನನ್ನ ಕಾರು 41 ತೋರಿಸುತ್ತಿತ್ತು, ಟರ್ಬೊ 47. ಮೊದಲ ತಿರುವುಗಳಲ್ಲಿ ಟರ್ಬೊ ಎಷ್ಟು ಹಗುರವಾಗಿ ಹತ್ತಿತೆಂದರೆ ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಮೂರನೇ ಗೇರ್, 2,000 ಆರ್‌ಪಿಎಂ, ಅಷ್ಟೇ. ನನ್ನ ಕಾರಿನಲ್ಲಿ ಅದೇ ಏರಿಗೆ ಎರಡನೇ ಗೇರಿಗಿಳಿಸಿ 4,000ದವರೆಗೆ ಕಿರುಚಿಸಬೇಕು.

ಆಮೇಲೆ ರಸ್ತೆ ಕೆಲಸ ಸಿಕ್ಕಿತು. ಜೆಸಿಬಿ ಮಣ್ಣು ಎಳೆಯುತ್ತಿತ್ತು. ಇಪ್ಪತ್ತು ನಿಮಿಷ ನಿಂತಲ್ಲೇ ನಿಂತೆವು. ಎ.ಸಿ. ಓಡುತ್ತಿತ್ತು, ಎಂಜಿನ್ ಬಂದ್ ಮಾಡಲಿಲ್ಲ. ಫೋನಿನಲ್ಲಿ ಅಂಕೆ ಮೆಲ್ಲಗೆ ಏರಿತು: 52, 58, 63, 66. ಹಿಂದಿದ್ದ ನನ್ನ ಕಾರು 58ಕ್ಕೆ ನಿಂತಿತಂತೆ. ದಾರಿ ಬಿಟ್ಟ ಕೂಡಲೇ ಆಕ್ಸಿಲರೇಟರ್ ಒತ್ತಿದರೆ ಟರ್ಬೊಗೆ ದಮ್ಮೇ ಇಲ್ಲ! ಬೇರೆ ಯಾವುದೋ ಕಾರು ಓಡಿಸಿದ ಹಾಗಾಯಿತು. ಗೆದ್ದೆ ಅಂತ ಭಾವನಿಗೆ ಫೋನ್ ಹಚ್ಚಿದೆ. "ತಡಿ ಭಾವ, ಎರಡು ತಿರುವು ಹೋಗಲಿ" ಅಂದ. ಎರಡಲ್ಲ, ನಾಲ್ಕು ತಿರುವು ಬೇಕಾಯಿತು. ಅಂಕೆ 50ಕ್ಕೆ ಇಳಿಯಿತು, ಎಳೆತ ವಾಪಸ್ ಬಂತು.

ಯಾಕೆ ಹೀಗೆ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು. 34 ಡಿಗ್ರಿಯ ಗಾಳಿ ಟರ್ಬೊದಿಂದ ಹೊರಬೀಳುವಾಗ 100 ಡಿಗ್ರಿ ದಾಟಬಹುದು. ಅದನ್ನು ಆರಿಸುವುದು ಇಂಟರ್‌ಕೂಲರ್. ಅದಕ್ಕೋ ಎದುರುಗಾಳಿ ಬೇಕು. ಕಾರು ನಿಂತರೆ ಎದುರುಗಾಳಿ ಎಲ್ಲಿಂದ ಬರಬೇಕು? ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಉರಿದು ಎಂಜಿನ್ ಟಕಟಕ ಬಡಿಯುವ ಅಪಾಯ. ಅದಕ್ಕೇ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಬೇಕಾದರೆ ಬೂಸ್ಟನ್ನೂ, ಅಂದರೆ ಟರ್ಬೊ ಗಾಳಿ ತುಂಬುವ ಒತ್ತಡವನ್ನೂ, ಇಳಿಸುತ್ತದೆ. ನನಗೆ ದಮ್ಮಿಲ್ಲ ಅನಿಸಿದ್ದು ಎಂಜಿನ್ ತನ್ನನ್ನು ತಾನು ಕಾಯ್ದುಕೊಂಡಿದ್ದು. ಸಾದಾ ಎಂಜಿನ್ನಿಗೂ ಈ ಕಾಟ ಇದೆ, ಆದರೆ ಕಡಿಮೆ. ಅದು ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವುದಿಲ್ಲ, ಸುಮ್ನೆ ಸಿಕ್ಕಷ್ಟು ಎಳೆದುಕೊಳ್ಳುತ್ತದೆ. ನಿಂತು ಹೊರಟಾಗ ಅದೂ ಮಂದವಾಗಿತ್ತು ಅಂದ ಭಾವ. "ಮೊದಲೇ ಮಂದ, ಅದರಲ್ಲಿ ಗೊತ್ತಾಗೋದು ಏನು" ಅಂತ ಸೇರಿಸಿದ. ಇರಲಿ.

ಚಳಿಯಲ್ಲಿ ಹೇಗೆ ಅಂತ ನೋಡಲು ಡಿಸೆಂಬರಿನಲ್ಲಿ ಎರಡೂ ಕಾರು ಮತ್ತೆ ಹೊರಟವು, ಬೆಳಿಗ್ಗೆ ಆರಕ್ಕೆ. ಕೆಳಗೆ 21 ಡಿಗ್ರಿ, ಶಿರಸಿ ಮುಟ್ಟುವಾಗ 16. ಟರ್ಬೊ ಬಗ್ಗೆ ಹೇಳಲು ಹೆಚ್ಚಿಲ್ಲ, ಬುಡದಿಂದ ತುದಿಯವರೆಗೆ ಒಂದೇ ಸಮನೆ ಎಳೆಯಿತು. ನನಗೆ ಆಶ್ಚರ್ಯವಾದದ್ದು ನನ್ನ ಕಾರು. ಘಟ್ಟದ ಕೆಳಗೆ ಹೊಸ ಹುರುಪು ಬಂದಂತಿತ್ತು. ಮೇಲೆ ಚಳಿ ಇನ್ನೂ ಜಾಸ್ತಿ, ಹಾಗಾದರೆ ಹುರುಪೂ ಜಾಸ್ತಿಯಾಗಬೇಕು ಅಲ್ವಾ? ಆಗಲಿಲ್ಲ. ಮೇಲೆ ಹೋದಂತೆ ಮತ್ತೆ ಮೇ ತಿಂಗಳ ಮಂದವೇ.

ಮನೆಗೆ ಬಂದು ಲೆಕ್ಕ ಹಾಕಿದೆ. ತಂಪು ಗಾಳಿ ದಟ್ಟ, ಬಿಸಿ ಗಾಳಿ ತೆಳು. 20 ಡಿಗ್ರಿಯಿಂದ 35ಕ್ಕೆ ಏರಿದರೆ ಸುಮಾರು ಶೇ 5ರಷ್ಟು ತೆಳುವಾಗುತ್ತದೆ. ಆದರೆ ಶಿರಸಿ ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡವೇ ಶೇ 7ರಷ್ಟು ಕಡಿಮೆ. ಚಳಿ ಕೊಟ್ಟಿದ್ದನ್ನು ಎತ್ತರ ಕಿತ್ತುಕೊಳ್ಳುತ್ತದೆ. ಇನ್ನು ಕರಾವಳಿಯ ಸೆಖೆ. ಮೇ ತಿಂಗಳಲ್ಲಿ ಗಾಳಿಯಲ್ಲಿ ನೀರಿನ ಆವಿಯೇ ಮೂರ್ನಾಲ್ಕು ಶೇಕಡಾ ಜಾಗ ಹಿಡಿದಿರುತ್ತದೆ, ಅಷ್ಟು ಆಮ್ಲಜನಕ ಖೋತಾ. ಇದೆಲ್ಲ ಕೂಡಿಸಿ ಕಳೆದರೆ ಡಿಸೆಂಬರ್ ಬೆಳಗಿನ ಶಿರಸಿ, ಮೇ ಮಧ್ಯಾಹ್ನದ ಕುಮಟಾ, ಎರಡರಲ್ಲೂ ನನ್ನ ಎಂಜಿನ್ನಿಗೆ ಸಿಗುವ ಆಮ್ಲಜನಕ ಹೆಚ್ಚುಕಡಿಮೆ ಒಂದೇ! ಸಾದಾ ಎಂಜಿನ್ನಿಗೆ ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಹೊತ್ತು ಅಂದರೆ ಚಳಿಗಾಲದ ಬೆಳಗಿನ ಸಮುದ್ರ ತೀರ ಮಾತ್ರ. ಟರ್ಬೊಗೆ ಎತ್ತರದ ಚಿಂತೆ ಇಲ್ಲ. ಒತ್ತಡ ಕಡಿಮೆಯಾದರೆ ಇನ್ನೂ ಜೋರಾಗಿ ತಿರುಗಿ ಸರಿಮಾಡಿಕೊಳ್ಳುತ್ತದೆ.

ಆದರೂ ಅಂಕೆ ನೋಡಿ ಗಾಬರಿ ಬೇಡ. ಸೆಖೆಯಿಂದ ನನ್ನ ಕಾರು ಕಳೆದುಕೊಂಡದ್ದು ಲೆಕ್ಕದಲ್ಲಿ ಮೂರ್ನಾಲ್ಕು ಅಶ್ವಶಕ್ತಿ. ಎ.ಸಿ. ಕಂಪ್ರೆಸರ್ ತಿನ್ನುವುದೂ ಹೆಚ್ಚುಕಡಿಮೆ ಅಷ್ಟೇ. ಕಡಿದಾದ ತಿರುವಿನಲ್ಲಿ ಎ.ಸಿ. ಬಂದ್ ಮಾಡಿದರೆ ಡಿಸೆಂಬರ್ ಬಂದ ಹಾಗೆ. ಬೆವರು ಮಾತ್ರ ಮೇ ತಿಂಗಳದ್ದೇ.

ಈಗ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ. ಕುಮಟಾ, ಅಂಕೋಲಾ, ಕಾರವಾರ ಅಂತ ಹೆದ್ದಾರಿ 66ರಲ್ಲೇ ಓಡಾಟ ಇದ್ದರೆ ಸಾದಾ ಸಾಕು, ಟರ್ಬೊಗೆ ಸುಮ್ನೆ ದುಡ್ಡು ಸುರಿಯಬೇಡಿ. ವಾರವಾರ ಘಟ್ಟ ಹತ್ತುವವರಾದರೆ ಟರ್ಬೊನೇ, ಸೆಖೆ ಇದ್ದರೂ. ಜಾಮ್‌ನಲ್ಲಿ ನಿಂತು ಹೊರಟ ಮೇಲೆ ಮೊದಲ ಎರಡು ಕಿಲೋಮೀಟರ್ ಓವರ್‌ಟೇಕ್‌ಗೆ ಕೈ ಹಾಕಬೇಡಿ, ಲಾರಿಯ ಪಕ್ಕದಲ್ಲಿ ಹೋದಾಗ ದಮ್ಮು ಸಿಗದಿದ್ದರೆ ಕಷ್ಟ. ಘಟ್ಟ ಹತ್ತಿ ನಿಲ್ಲಿಸಿದ ತಕ್ಷಣ ಕೀ ತಿರುಗಿಸಬೇಡಿ, ಅರ್ಧ ನಿಮಿಷ ಎಂಜಿನ್ ಓಡಲಿ, ಟರ್ಬೊದೊಳಗಿನ ಆಯಿಲ್ ಸ್ವಲ್ಪ ಆರುತ್ತದೆ. ಭಾವ ಆ ಅರ್ಧ ನಿಮಿಷ ಕಾರಲ್ಲೇ ಕೂತು ಹಾರನ್ ಹೊಡೆಯುತ್ತಾನೆ. ಅಕ್ಕ ಒಳಗೆ ಮುರುಗಲು ಶರಬತ್ತು ಬೆರೆಸಲು ಶುರುಮಾಡುತ್ತಾಳೆ.